ಗುಡ್ಡನ ಎದೆಬಡಿತ, ಗಡಿಯಾರದಣ್ಣನ ದಿನಚರಿ

“ಪರೀಕ್ಷೆ ಒಂದಲ್ಲ, ಹತ್ತು ಮಾಡಿಸ್ಲಿ! ಹತ್ತರಲ್ಲೂ ನೂರಕ್ಕೆ ನೂರು! ಅರ್ಧ ಅಂಕ ಕಡಿಮೆ ಬಂದ್ರೆ ಕೇಳು ನನ್ನ!”

ಹೀಗಂತ ಗಡಿಯಾರದಣ್ಣ ಒಂದು ಶನಿವಾರ ಬೆಳಿಗ್ಗೆ ಏಳೂ ಹತ್ತಕ್ಕೆ ಹೊಸ್ತಿಲ ಮೇಲೆ ನಿಂತು ಎದೆಯುಬ್ಬಿಸಿ ಸಾರಿದ. ಕೇಳಿಸಿಕೊಂಡವರು ಇಬ್ಬರೇ. ಒಬ್ಬಳು ಅವನ ಹೆಂಡತಿ. ಕಿಟಕಿ ಪರದೆ ಹೊಲಿಯುವ ಅವಳನ್ನು ಬೀದಿಯವರೆಲ್ಲ ಹೊಲಿಗೆಯಕ್ಕ ಅನ್ನುತ್ತಿದ್ದರು. ಅವಳ ಬಾಯಲ್ಲಿ ಆರು ಗುಂಡುಸೂಜಿಗಳಿದ್ದವು, ಹಾಗಾಗಿ ಉತ್ತರ ಬರಲಿಲ್ಲ. ಇನ್ನೊಬ್ಬ ಗುಡ್ಡ. ಅವನು ಆಕಳಿಸಿದ.

ಗುಡ್ಡ ಅಂದರೆ ನಾಯಿ. ಗ್ರೇಟ್ ಡೇನ್ ಜಾತಿ, ನಾಲ್ಕು ವರ್ಷ, ಎಪ್ಪತ್ತೆರಡು ಕಿಲೋ. ಊಟದ ಮೇಜಿನ ಪಕ್ಕ ನಿಂತರೆ ಗಲ್ಲವನ್ನು ಮೇಜಿನ ಮೇಲೆ ಇಟ್ಟು ಎಲ್ಲರ ತಟ್ಟೆಯನ್ನೂ ಒಂದು ಸುತ್ತು ನೋಡುತ್ತಿದ್ದ. ತಲೆ ಕೊಡವಿದರೆ ಜೊಲ್ಲು ಗೋಡೆಗೆ ಹಾರುತ್ತಿತ್ತು. ಎಷ್ಟು ಎತ್ತರಕ್ಕೆ ಅಂತ ಹೊಲಿಗೆಯಕ್ಕ ಒಮ್ಮೆ ಟೇಪು ಹಿಡಿದು ಅಳೆದಿದ್ದಳು. ಐದಡಿ ಏಳಿಂಚು. ಆ ಕಲೆ ಒರೆಸದೆ ಬಿಟ್ಟಿದ್ದಳು, ಬಂದವರಿಗೆ ತೋರಿಸಲಿಕ್ಕೆ.

“ನೋಡಿ, ಇದು ಇವರ ಕರು ಮಾಡಿದ ಸುಣ್ಣ ಬಣ್ಣ” ಅನ್ನುತ್ತಿದ್ದಳು. ಅವಳು ಗುಡ್ಡನನ್ನು ಹೆಸರು ಹಿಡಿದು ಕರೆದವಳಲ್ಲ. ‘ನಿಮ್ಮ ಕರು’, ‘ಅದು’, ಇಷ್ಟೇ. ಅದರ ನೆರಳೂ ಅವಳ ಹೊಲಿಗೆ ಕೋಣೆಯಲ್ಲಿ ಬೀಳಕೂಡದು ಅಂತ ಕಟ್ಟಪ್ಪಣೆ ಇತ್ತು.

ಶಪಥಕ್ಕೆ ಕಾರಣ ಒಂದು ಸಂಬಂಧ. ಎರಡು ಬೀದಿ ಆಚೆ ಲೈಬ್ರರಿ ಮೇಡಂ ಇದ್ದರು. ಮೂವತ್ತೊಂದು ವರ್ಷ ಪುಸ್ತಕ ಎಣಿಸಿ, ಮಾತಾಡಿದವರನ್ನು ಕಣ್ಣಲ್ಲೇ ಸುಮ್ಮನಾಗಿಸಿ ನಿವೃತ್ತರಾದವರು. ಅವರ ಮನೆಯಲ್ಲಿ ಬೆಳ್ಳಿ ಅಂತ ಇದೇ ಜಾತಿಯ ಹೆಣ್ಣು ನಾಯಿ. ಬೆಳ್ಳಿಗೆ ಗಂಡು ಬೇಕು ಅಂತ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಗಡಿಯಾರದಣ್ಣ ಗುಡ್ಡನಿಗೆ ಸೋಪು ಹಚ್ಚಿ ಉಜ್ಜಿ, ಮೈಗೆ ಎರಡು ಟವೆಲ್ಲು ಸಾಲದೆ ಮನೆಯ ಬೆಡ್‌ಶೀಟಿನಲ್ಲಿ ಒರೆಸಿ, ಮೇಡಂ ಬಂದಾಗ ಬಾಗಿಲಲ್ಲಿ ನಿಲ್ಲಿಸಿದ.

“ನೋಡಿ ಮೇಡಂ, ನಮ್ಮ ಹುಡುಗನ ಮೈಕಟ್ಟು!”

“ಮೈಕಟ್ಟು ಕಾಣ್ತಾ ಇದೆ. ಒಳಗಿಂದು ಕಾಣಲ್ವಲ್ಲ. ಇವನ ಅಪ್ಪ ಎಷ್ಟು ವರ್ಷ ಬದುಕಿದ್ದ?”

“ಆರು.”

“ಏನಾಗಿ ಹೋದ?”

“ವಯಸ್ಸು, ಮೇಡಂ…”

“ಆರಕ್ಕಾ?”

ಮೇಡಂ ಕುರ್ಚಿ ಎಳೆದುಕೊಂಡು ಕೂತರು.

“ನನ್ನ ಮೊದಲನೇ ನಾಯಿಗೆ ಐದು ವರ್ಷ. ಬಿಸಿಲಲ್ಲಿ ಬಾಗಿಲ ಹತ್ರ ಮಲಗಿತ್ತು. ಊಟಕ್ಕೆ ಕರೆದೆ, ಏಳಲಿಲ್ಲ. ಎದೆ ನಿಂತು ಹೋಗಿತ್ತು. ಆಮೇಲೆ ಗೊತ್ತಾಯ್ತು, ಅದರ ಅಪ್ಪನಿಗೂ ಹಾಗೇ ಆಗಿತ್ತಂತೆ. ಇಷ್ಟು ದೊಡ್ಡ ನಾಯಿಗಳಲ್ಲಿ ಅದು ವಂಶದಲ್ಲಿ ಇಳಿದು ಬರುತ್ತೆ. ಮಾರಿದವರು ಹೇಳಲಿಲ್ಲ, ನಾನು ಕೇಳಲಿಲ್ಲ. ಈಗ ಕೇಳ್ತೀನಿ. ಪರೀಕ್ಷೆ ಎಲ್ಲ ಪಾಸಾದ್ರೆ ಸಂಬಂಧ. ಇಲ್ಲಾಂದ್ರೆ ನಮಸ್ಕಾರ.”

ಚೀಟಿಯಲ್ಲಿ ನಾಲ್ಕು ಸಾಲು ಬರೆದು ಕೊಟ್ಟು ಹೋದರು. ಸೊಂಟದ ಕೀಲು. ಕಣ್ಣು. ರಕ್ತ. ಹೃದಯ. ಗಡಿಯಾರದಣ್ಣ ಹೊಸ್ತಿಲ ಮೇಲೆ ನಿಂತು ಜೋರಾಗಿ ಸಾರಿದ್ದೇನೋ ನಿಜ, ಆದರೆ ‘ಆರಕ್ಕಾ?’ ಅನ್ನುವ ಒಂದು ಮಾತು ತಲೆಯಿಂದ ಇಳಿಯಲಿಲ್ಲ.

ಸೊಂಟದ ಎಕ್ಸ್‌ರೇಗೆ ಗುಡ್ಡನಿಗೆ ನಿದ್ದೆ ಮದ್ದು ಕೊಟ್ಟು ಮೇಜಿನ ಮೇಲೆ ಎತ್ತಬೇಕಾಯಿತು. ಎತ್ತಲು ಐದು ಜನ. ಅದರಲ್ಲಿ ಒಬ್ಬರು ತಮ್ಮ ಮೊಲಕ್ಕೆ ಉಗುರು ಕತ್ತರಿಸಲು ಬಂದಿದ್ದ ಪಾಪದ ಮನುಷ್ಯ. ಸೊಂಟ ಪಾಸು! ಕಣ್ಣು ಪಾಸು! ರಕ್ತ ಪಾಸು! ಎದೆಗೆ ಸ್ಕ್ಯಾನ್ ಮಾಡಿದರು, ಅದೂ ಚೆನ್ನಾಗಿಯೇ ಇತ್ತು. ಗಡಿಯಾರದಣ್ಣ ಮೀಸೆ ಮೇಲೆ ಕೈ ಹಾಕುವಷ್ಟರಲ್ಲಿ ನಾಯಿ ಡಾಕ್ಟ್ರಮ್ಮ ಅಂದರು:

“ಇಷ್ಟಕ್ಕೇ ಮುಗೀಲಿಲ್ಲ. ಹೃದಯದ ಲಯ ಯಾವಾಗಲೋ ಒಂದು ಗಳಿಗೆ ತಪ್ಪಿ, ಮತ್ತೆ ಸರಿಹೋಗಬಹುದು. ಐದು ನಿಮಿಷದಲ್ಲಿ ನಮಗೆ ಸಿಗಲ್ಲ. ಒಂದು ಯಂತ್ರ ಕಟ್ತೀನಿ. ಇಪ್ಪತ್ನಾಲ್ಕು ಗಂಟೆ ಪ್ರತಿ ಬಡಿತಾನೂ ಅದು ಬರೆದುಕೊಳ್ಳುತ್ತೆ. ನೀವು ಈ ಪುಸ್ತಕದಲ್ಲಿ ಬರೀಬೇಕು, ಎಷ್ಟು ಹೊತ್ತಿಗೆ ಏನು ಮಾಡ್ತಿದ್ದ ಅಂತ. ಮಾಮೂಲಿ ದಿನದ ಹಾಗೇ ಇರಲಿ. ನಡೆದದ್ದನ್ನ ನಡೆದ ಹಾಗೇ ಬರೀರಿ.”

“ಹೊತ್ತು ಬರೆಯೋಕೆ ನನಗೇ ಹೇಳ್ತೀರಲ್ಲ ಡಾಕ್ಟ್ರಮ್ಮ!” ಗಡಿಯಾರದಣ್ಣ ನಕ್ಕ. “ಮೂವತ್ತೆಂಟು ವರ್ಷದಿಂದ ಊರಿನ ಹೊತ್ತನ್ನೆಲ್ಲ ಸರಿ ಮಾಡ್ತಿರೋನು ನಾನು!”

ಯಂತ್ರವೇನೋ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದು ಅಲುಗದ ಹಾಗೆ ಮೇಲೆ ತೊಡಿಸುವ ಅಂಗಿ ಮಾತ್ರ ಗುಡ್ಡನ ಕುತ್ತಿಗೆಯಿಂದ ಕೆಳಗೆ ಇಳಿಯಲಿಲ್ಲ. ಆಸ್ಪತ್ರೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಅಳತೆ ಅದು. ಹೀಗಾದೀತೆಂದು ಹೊಲಿಗೆಯಕ್ಕ ಹಿಂದಿನ ದಿನವೇ ಗುಡ್ಡನ ಎದೆ ಸುತ್ತಳತೆ ತೆಗೆದು, ಉಳಿದ ಪರದೆ ಬಟ್ಟೆಯಲ್ಲಿ ಒಂದು ಅಂಗಿ ಹೊಲಿದು ಇಟ್ಟಿದ್ದಳು. ಹಳದಿ ಬಣ್ಣ, ಅದರ ಮೇಲೆ ತಟ್ಟೆಯಗಲದ ಕೆಂಪು ಹೂವು.

“ಇದೇನೇ ಇದು! ಮದುಮಗನಿಗೆ ಕಿಟಕಿ ಪರದೆ ಉಡಿಸ್ತೀಯಾ?”

“ನಿಮ್ಮ ಕರು ಕಿಟಕಿಗಿಂತ ಅಗಲ ಇದೆ. ಬೇರೆ ಬಟ್ಟೆ ಸಾಲಲ್ಲ.”

ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಯಂತ್ರ ಶುರುವಾಯಿತು. ಹೂವಿನ ಅಂಗಿ ತೊಟ್ಟ ಗುಡ್ಡ ಬೀದಿಯಲ್ಲಿ ನಡೆದು ಬರುವಾಗ ಮಕ್ಕಳು ಹಿಂದೆ ಹಿಂದೆಯೇ ಬಂದರು. ಗಡಿಯಾರದಣ್ಣ ಮಾತ್ರ ಯಾರನ್ನೂ ನೋಡಲಿಲ್ಲ. ಅವನ ತಲೆಯಲ್ಲಿ ಒಂದು ಯೋಜನೆ ಟಿಕ್ ಟಿಕ್ ಅನ್ನುತ್ತಿತ್ತು.

ಒಳ್ಳೆಯ ಗಡಿಯಾರ ಯಾವುದು? ಬೆಳಗ್ಗೆಯಿಂದ ಸಂಜೆವರೆಗೂ ಒಂದೇ ಸಮ ನಡೆಯುವುದು. ಒಮ್ಮೆ ಓಡಿ ಒಮ್ಮೆ ನಿಧಾನ ಆಗುವುದು ಕೆಟ್ಟ ಗಡಿಯಾರ. ಹೃದಯವೂ ಹಾಗೇ ತಾನೇ! ಆದ್ದರಿಂದ ಇವತ್ತು ಗುಡ್ಡ ಓಡಬಾರದು, ಬೊಗಳಬಾರದು, ಬೆಚ್ಚಬಾರದು. ಪುಸ್ತಕದಲ್ಲಿ ಗಂಭೀರವಾದ ಒಂದು ದಿನಚರಿ ಇರಬೇಕು. ಲೈಬ್ರರಿ ಮೇಡಂ ಓದಿ, ‘ಆಹಾ, ಎಂಥ ಸಂಸ್ಕಾರವಂತ!’ ಅನ್ನಬೇಕು.

ಡಾಕ್ಟ್ರಮ್ಮ ಹೇಳಿದ್ದು ಮಾಮೂಲಿ ದಿನದ ಹಾಗೇ ಇರಲಿ ಅಂತ. ಅದನ್ನು ಅವನು ಮರೆಯಲಿಲ್ಲ. ತಿದ್ದಿದ, ಅಷ್ಟೇ!

ಹತ್ತು ಗಂಟೆಗೆ ಹೊಲಿಗೆಯಕ್ಕ ಪರದೆ ಕೊಟ್ಟು ಬರಲು ಹೊರಗೆ ಹೋದಳು. ಗಡಿಯಾರದಣ್ಣ ಅವತ್ತು ಗಡಿಯಾರ ರಿಪೇರಿ ಅಂಗಡಿಯ ಕೆಲಸವನ್ನು ಮನೆಗೇ ತಂದಿದ್ದ. ಕೋಗಿಲೆ ಗಡಿಯಾರ ಒಂದು, ಪುಟ್ಟ ಬಾಗಿಲು ತೆರೆದು ಮರದ ಹಕ್ಕಿ ಹೊರಗೆ ಬಂದು ಕೂಗುವಂಥದ್ದು. ಏಳು ವರ್ಷದಿಂದ ಹಕ್ಕಿ ಹೊರಗೆ ಬಂದಿರಲಿಲ್ಲವಂತೆ. ಬೆಳಕು ಚೆನ್ನಾಗಿ ಬೀಳುತ್ತದೆ ಅಂತ ಹೆಂಡತಿಯ ಹೊಲಿಗೆ ಕೋಣೆಗೇ ನುಗ್ಗಿದ. ಹಿಂದೆಯೇ ಗುಡ್ಡನೂ ಬಂದ. ‘ಮಲಕೋ’ ಅಂದರೆ ಮಲಗಿದ ಕೂಡ. ಗಡಿಯಾರದಣ್ಣ ಒಂದು ಸ್ಪ್ರಿಂಗು ಬಿಗಿದ, ಎರಡು ಹನಿ ಎಣ್ಣೆ ಬಿಟ್ಟ, ಮುಳ್ಳು ತಿರುಗಿಸಿ ಹನ್ನೊಂದಕ್ಕೆ ತಂದ.

ಬಾಗಿಲು ಪಟಾರನೆ ತೆರೆಯಿತು. ಏಳು ವರ್ಷದ ಮಾತನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಹಕ್ಕಿ ಗುಡ್ಡನ ಮೂಗಿಗೆ ನೇರವಾಗಿ ನುಗ್ಗಿ ಬಂದು “ಕುಕ್ಕೂ!” ಅಂತು.

ಎಪ್ಪತ್ತೆರಡು ಕಿಲೋ ಗಾಳಿಯಲ್ಲಿ ಎದ್ದಿತು! ಇಳಿದದ್ದು ಹೊಲಿಗೆಯಕ್ಕ ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಮೇಜಿನ ಒಂದು ಕಾಲು ಕಟಕ್ ಅಂತು. ಗುಡ್ಡ ಓರೆಯಾದ ಮೇಜಿನ ಮೇಲೆ ನಿಂತು ನಡುಗುತ್ತಿದ್ದರೆ, ಹಕ್ಕಿ ಯಾವ ದಾಕ್ಷಿಣ್ಯವೂ ಇಲ್ಲದೆ ಬಾಕಿ ಹತ್ತು ಸಲ ಕೂಗಿ ಬಾಗಿಲು ಹಾಕಿಕೊಂಡಿತು.

ಗಡಿಯಾರದಣ್ಣ ಮೊದಲು ಮಾಡಿದ ಕೆಲಸ ಕೈಗಡಿಯಾರ ನೋಡಿದ್ದು. ಹತ್ತೂ ಹದಿನೇಳು. ಎರಡನೆಯದು, ಮುರಿದ ಕಾಲಿಗೆ ಮರದ ತುಂಡು ಕೊಟ್ಟದ್ದು. ಮೂರನೆಯದು, ಪುಸ್ತಕ ತೆರೆದದ್ದು. ದುಂಡು ಅಕ್ಷರದಲ್ಲಿ ಬರೆದ:

‘10.17. ಮಲಗಿದ್ದಾನೆ. ಶಾಂತ.’

ಏನು ಬೇಕಾದರೂ ಸುಳ್ಳು ಬರೆಯುತ್ತಿದ್ದ ಆಸಾಮಿ, ಹೊತ್ತು ಮಾತ್ರ ಒಂದು ನಿಮಿಷ ಆಚೆ ಈಚೆ ಬರೆಯಲು ಅವನ ಕೈಯೇ ಬಗ್ಗಲಿಲ್ಲ. ಮೂವತ್ತೆಂಟು ವರ್ಷದ ಅಭ್ಯಾಸ!

ಹೊಲಿಗೆಯಕ್ಕ ಬಂದವಳೇ ಬಾಗಿಲಲ್ಲೇ ನಿಂತಳು.

“ಏನ್ರೀ, ಮೇಜು ಯಾಕೆ ಸೊಟ್ಟಗಿದೆ?”

“ಗೆದ್ದಲು ಕಣೇ.”

“ಒಂದೇ ಕಾಲಿಗಾ?”

“ಅಲ್ಲಿಂದ ಶುರು ಮಾಡಿದೆ.”

“ಎರಡು ಗಂಟೆ ಹಿಂದೆ ನೆಟ್ಟಗಿತ್ತು.”

“ಹೊಟ್ಟೆ ಹಸಿದಿತ್ತೇನೋ ಪಾಪ!”

ಹನ್ನೆರಡೂ ನಲವತ್ತಕ್ಕೆ ಹೊಲಿಗೆಯಕ್ಕ ಮಹಡಿ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಅಡುಗೆಮನೆಯಲ್ಲಿ ಕೇಕಿತ್ತು. ಭಾವೀ ಬೀಗಿತ್ತಿ ಲೈಬ್ರರಿ ಮೇಡಂ ಸಂಜೆ ಬಂದರೆ ಇರಲಿ ಅಂತ ಅವಳೇ ಮಾಡಿದ್ದು. ಗಡಿಯಾರದಣ್ಣನಿಗೆ ಸಕ್ಕರೆ ಕಾಯಿಲೆ, ಅದರ ಕಡೆ ಕಣ್ಣೆತ್ತಿಯೂ ನೋಡಬಾರದು. ಅವನು ನೋಡಲಿಲ್ಲ. ಕಣ್ಣು ಮುಚ್ಚಿಕೊಂಡೇ ಒಂದು ಚೂರು ಕತ್ತರಿಸಿದ. ಕಣ್ಣು ತೆರೆದಾಗ ತಟ್ಟೆಯಲ್ಲಿ ಆ ಒಂದು ಚೂರು ಮಾತ್ರ ಇತ್ತು, ಉಳಿದದ್ದು ಗುಡ್ಡನ ಬಾಯಲ್ಲಿ ಹಿತ್ತಲು ದಾಟುತ್ತಿತ್ತು! ಪೊರಕೆ ಹಿಡಿದು ಮನೆಯ ಸುತ್ತ ಮೂರು ಸುತ್ತು ಓಡಿದ. ಮೊದಲನೇ ಸುತ್ತಿನಲ್ಲಿ ಅರ್ಧ ಕೇಕು ಇತ್ತು, ಎರಡನೆಯದರಲ್ಲಿ ಕಾಲು, ಮೂರನೆಯದರಲ್ಲಿ ಬರೀ ನಾಲಗೆ.

‘12.40. ಧ್ಯಾನದಲ್ಲಿ ಇರುವಂತೆ ಮಲಗಿದ್ದಾನೆ.’

“ಕೇಕೆಲ್ಲಿ?”

“ಇರುವೆ ಮುತ್ತಿತ್ತು, ಎಸೆದೆ.”

“ತಟ್ಟೆ ತೊಳೆದ ಹಾಗಿದೆಯಲ್ಲ?”

“ಇರುವೆಗಳು ಬಹಳ ಶುಚಿ ಕಣೇ!”

ಹೀಗೇ ಮೂರೂ ಇಪ್ಪತ್ತೈದಕ್ಕೂ ಏನೋ ಆಯಿತು, ಅದೂ ಪುಸ್ತಕದಲ್ಲಿ ನಿದ್ದೆಯೇ ಆಯಿತು. ನಾಲ್ಕೂವರೆಗೆ ಕೋಗಿಲೆ ಗಡಿಯಾರ ಎತ್ತಿಕೊಂಡು ಅಂಗಡಿಗೆ ಹೋಗಿ ಗಿರಾಕಿಗೆ ಒಪ್ಪಿಸಿ ಬಂದ. ತಾನಿಲ್ಲದ ಆ ಒಂದು ಗಂಟೆಯಲ್ಲಿ ಏನಾಯಿತೆಂದು ಹೆಂಡತಿಯನ್ನು ಕೇಳಿದ.

“ಏನ್ ಮಾಡ್ತಿದ್ದ?”

“ಯಾರು, ಅದಾ? ಮಲಗಿತ್ತು.”

“ಪೂರಾ ಒಂದು ಗಂಟೆ?”

“ನನಗೇನು ಬೇರೆ ಕೆಲಸ ಇಲ್ವಾ, ಅದರ ಮುಖ ನೋಡ್ತಾ ಕೂರೋಕೆ! ಮಲಗಿತ್ತು ಅಂದ್ನಲ್ಲ.”

ಬರೆದ. ಮಾರನೇ ದಿನ ಯಂತ್ರ ಬಿಚ್ಚಿಸಿ ಪುಸ್ತಕ ಒಪ್ಪಿಸಿದ. ಡಾಕ್ಟ್ರಮ್ಮ ಎರಡನ್ನೂ ಹೃದಯದ ದೊಡ್ಡ ಡಾಕ್ಟರಿಗೆ ಕಳಿಸಿದರು. ನಾಲ್ಕು ದಿನ ಬಿಟ್ಟು ಎಲ್ಲರೂ ಬರಬೇಕು ಅಂತ ಹೇಳಿಕೆ ಬಂತು. ಗಡಿಯಾರದಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟ. ಲೈಬ್ರರಿ ಮೇಡಂ ಆಗಲೇ ಬಂದು ಕೂತಿದ್ದರು. ಗುಡ್ಡ ಕೋಣೆಯ ಅರ್ಧ ನೆಲ ಆಕ್ರಮಿಸಿ ಮಲಗಿದ.

ಡಾಕ್ಟ್ರಮ್ಮನ ಮುಖದಲ್ಲಿ ನಗು ಇರಲಿಲ್ಲ.

“ನಾನು ಇಷ್ಟು ವರ್ಷದಲ್ಲಿ ಇಷ್ಟು ಕರಾರುವಾಕ್ಕಾಗಿ ಹೊತ್ತು ಬರೆದವರನ್ನ ನೋಡಿಲ್ಲ” ಅಂದರು.

ಗಡಿಯಾರದಣ್ಣ ಲೈಬ್ರರಿ ಮೇಡಂ ಕಡೆ ನೋಡಿ ಕೊರಳ ಗುಂಡಿ ಸರಿಮಾಡಿಕೊಂಡ.

“ಅದಕ್ಕೇ ಅನುಮಾನಕ್ಕೆ ಜಾಗವೇ ಇಲ್ಲ. ನಾಯಿ ಓಡಿದಾಗ, ಆಡಿದಾಗ ಎದೆ ಜೋರಾಗಿ ಬಡಿದ್ರೆ ಅದು ಆರೋಗ್ಯ. ನೆಮ್ಮದಿಯಾಗಿ ಮಲಗಿದ್ದಾಗ ಬಡಿದ್ರೆ ಅದು ಕಾಯಿಲೆ. ಇವನಿಗೆ ಮಲಗಿದ್ದಾಗ ನಿಮಿಷಕ್ಕೆ ಅರವತ್ತು ಇರಬೇಕಾದದ್ದು ನೂರ ತೊಂಬತ್ತು, ಇನ್ನೂರರ ಮೇಲೂ ಹೋಗಿದೆ. ಒಂದು ಸಲ ಅಲ್ಲ, ನಾಲ್ಕು ಸಲ. ದೊಡ್ಡ ಡಾಕ್ಟರು ಗಾಬರಿಯಾಗಿ ಫೋನ್ ಮಾಡಿದ್ರು. ಇವನ ಅಪ್ಪ ಆರು ವರ್ಷಕ್ಕೆ ಹೋದ ಅಂದ್ರಲ್ವಾ?”

ಲೈಬ್ರರಿ ಮೇಡಂ ಕೈಚೀಲ ಎತ್ತಿಕೊಂಡರು. ಕೋಪದಿಂದ ಅಲ್ಲ. ಗುಡ್ಡನ ಕಡೆ ಬಗ್ಗಿ, ಅವನ ಕಿವಿ ಸವರಿ, “ಪಾಪ ಕಂದ” ಅಂದರು.

ಗಡಿಯಾರದಣ್ಣನ ಕಿವಿಯಲ್ಲಿ ಗುಂಯ್ ಅಂತು. ಒಂದು ಕಡೆ ಗುಡ್ಡನ ಸಂಬಂಧ, ಗುಡ್ಡನ ಹೆಸರು. ಇನ್ನೊಂದು ಕಡೆ ಗೆದ್ದಲು, ಇರುವೆ, ಪಕ್ಕದಲ್ಲೇ ಕೂತ ಹೆಂಡತಿ! ಆಗ ಅವನದೇ ಎದೆಗೆ ಯಂತ್ರ ಕಟ್ಟಿದ್ದರೆ ಯಂತ್ರವೇ ಒಡೆಯುತ್ತಿತ್ತು.

“ಡಾಕ್ಟ್ರಮ್ಮಾ, ಹತ್ತೂ ಹದಿನೇಳಕ್ಕೆ…” ಅಂದ. ಕೆಮ್ಮಿದ. “ಹತ್ತೂ ಹದಿನೇಳಕ್ಕೆ ಅವನು ಮಲಗಿರಲಿಲ್ಲ.”

“ಮತ್ತೆ?”

“ಮೇಜಿನ ಮೇಲಿದ್ದ.”

ಹೊಲಿಗೆಯಕ್ಕ ಕತ್ತು ತಿರುಗಿಸಿದಳು. “ಯಾವ ಮೇಜು?”

“ನಿನ್ನದೇ ಕಣೇ. ಕೋಗಿಲೆ ಕೂಗಿತು, ಹಾರಿದ, ಕಾಲು ಮುರೀತು.”

“ಗೆದ್ದಲು ಅಂದ್ರಲ್ಲ?”

“ಗೆದ್ದಲೇನೂ ಮಾಡಿಲ್ಲ ಪಾಪ.”

ಡಾಕ್ಟ್ರಮ್ಮ ಉದ್ದದ ಕಾಗದ ಬಿಡಿಸಿ ಗೆರೆಗಳನ್ನು ಬೆರಳಿನಲ್ಲಿ ಹಿಂಬಾಲಿಸಿದರು. “ಹ್ಞೂಂ. ಒಂದೇ ಸಲಕ್ಕೆ ಏರಿ, ನಿಧಾನವಾಗಿ ಇಳಿದಿದೆ. ಬೆಚ್ಚಿಬಿದ್ದ ಹೃದಯ ಹೀಗೇ ಇರುತ್ತೆ. ಇದು ಕಾಯಿಲೆ ಅಲ್ಲ.” ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು. “ಹನ್ನೆರಡೂ ನಲವತ್ತು? ಧ್ಯಾನ ಅಂತ ಬರೆದಿದ್ದೀರಿ.”

“ಧ್ಯಾನ ಕೇಕಿನ ಮೇಲಿತ್ತು.”

“ಇರುವೆ?” ಅಂದಳು ಹೊಲಿಗೆಯಕ್ಕ.

“ಇರುವೆ ನಾನು. ಒಂದು ಚೂರು. ಬರೀ ಒಂದು ಚೂರು ಕಣೇ! ಉಳಿದದ್ದು ಇವನು ಎತ್ತಿಕೊಂಡು ಓಡಿದ, ನಾನು ಪೊರಕೆ ತಗೊಂಡು ಹಿಂದೆ ಓಡಿದೆ.”

ಈಗ ಬೈದವರು ಡಾಕ್ಟ್ರಮ್ಮ. “ಇಷ್ಟು ಆಳವಾದ ಎದೆಯ ನಾಯಿಗೆ ಗಬಗಬ ತಿನ್ನಿಸಿ ಓಡಿಸ್ತೀರಾ? ಹೊಟ್ಟೆ ಉಬ್ಬಿ ತಿರುಚಿಕೊಂಡ್ರೆ ಒಂದೆರಡು ಗಂಟೆಯಲ್ಲಿ ಜೀವವೇ ಹೋಗುತ್ತೆ! ತಿಂದ ಮೇಲೆ ಸುಮ್ನೆ ಇರಬೇಕು ಇವನು. ನೀವೂ ಕೂಡ!”

ಗಡಿಯಾರದಣ್ಣ ತಲೆ ತಗ್ಗಿಸಿದ. ಇನ್ನೊಂದು ಕೆಂಪು ಗೆರೆ ಬಿತ್ತು.

“ಮೂರೂ ಇಪ್ಪತ್ತೈದು?”

“ಬೆಕ್ಕು ಬಂತು. ಮರಿ. ಇಷ್ಟೇ ಇಷ್ಟು” ಅಂತ ಮುಷ್ಟಿ ತೋರಿಸಿದ.

“ಇವನು ಅಟ್ಟಿಸಿಕೊಂಡು ಹೋದನಾ?”

“ಇಲ್ಲ. ಅದು ಅಟ್ಟಿಸಿಕೊಂಡು ಬಂತು. ಇವನು ಬಚ್ಚಲಲ್ಲಿ ಸೇರಿಕೊಂಡ.”

“ನೀವು ಓಡಿಸಬಹುದಿತ್ತಲ್ಲ?”

“ಬಚ್ಚಲಲ್ಲಿ ನಾನು ಮೊದಲೇ ಇದ್ದೆ.”

ಲೈಬ್ರರಿ ಮೇಡಂ ಕೈಚೀಲದಿಂದ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು. ಅವರ ಭುಜ ಕುಣಿಯುತ್ತಿತ್ತು. ಮೂವತ್ತೊಂದು ವರ್ಷ ‘ಶ್’ ಅಂದ ಬಾಯಿಗೆ ಈಗ ತನ್ನನ್ನೇ ಸುಮ್ಮನಾಗಿಸಲು ಆಗುತ್ತಿರಲಿಲ್ಲ. ಮೂರನೇ ಕೆಂಪು ಗೆರೆಯೂ ಬಿತ್ತು. ಮಾನ ಮೂರು ಕಾಸಿಗೆ ಹೋಯಿತು, ಹೋಗಲಿ, ಗುಡ್ಡ ಉಳಿದ! ಗಡಿಯಾರದಣ್ಣ ನಿಟ್ಟುಸಿರು ಬಿಟ್ಟ.

“ಇನ್ನೊಂದಿದೆ” ಅಂದರು ಡಾಕ್ಟ್ರಮ್ಮ. “ನಾಲ್ಕೂ ಐವತ್ತೆರಡು. ಎಲ್ಲಕ್ಕಿಂತ ಜೋರು ಇದೇ. ಇನ್ನೂರ ಹತ್ತು. ಏರೋದು, ಇಳಿಯೋದು, ಮತ್ತೆ ಏರೋದು, ಹನ್ನೊಂದು ನಿಮಿಷ. ಏನಾಯ್ತು?”

ಗಡಿಯಾರದಣ್ಣ ಪುಸ್ತಕದ ಆ ಸಾಲಿಗೆ ಬಗ್ಗಿ ನೋಡಿದ.

“ಆಗ ನಾನು ಮನೆಯಲ್ಲಿ ಇರಲೇ ಇಲ್ಲ. ಅಂಗಡಿಯಲ್ಲಿದ್ದೆ.”

“ನಿಜ ಹೇಳಿ.”

“ಇದು ನಿಜವಾಗಿ ನಿಜ ಡಾಕ್ಟ್ರಮ್ಮ! ಮನೆಯಲ್ಲಿದ್ದದ್ದು ಇವಳೊಬ್ಬಳೇ. ಇವಳು ಅವನ ಹತ್ರಕ್ಕೂ ಹೋಗಲ್ಲ. ಮಲಗಿದ್ದ ಅಂತ ಇವಳೇ ಹೇಳಿದ್ದು. ಇವಳು ಸುಳ್ಳು ಹೇಳೋಳಲ್ಲ.”

ಡಾಕ್ಟ್ರಮ್ಮ ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ಲೈಬ್ರರಿ ಮೇಡಂ ಕರವಸ್ತ್ರ ಮಡಚಿದರು. ಅವರ ನಗು ನಿಂತಿತ್ತು.

“ನಮ್ಮದೂ ಮಲಗಿದ್ದ ಕಡೆಯೇ…” ಅಂದರು.

ಗಡಿಯಾರದಣ್ಣ ಕುರ್ಚಿಯಿಂದ ಇಳಿದು ನೆಲದ ಮೇಲೆ ಗುಡ್ಡನ ಪಕ್ಕ ಕೂತ. ಸಂಬಂಧ ಹೋಗಲಿ, ನೂರಕ್ಕೆ ನೂರು ಹೋಗಲಿ. ಗುಡ್ಡನ ಪಕ್ಕೆಯ ಮೇಲೆ ಕೈ ಇಟ್ಟ. ಡಬ್, ಡಬ್, ಡಬ್. ಅಷ್ಟು ದೊಡ್ಡ ಮೈಯ ಒಳಗೆ ಎಲ್ಲೋ ದೂರದಿಂದ ಬಂದ ಹಾಗಿತ್ತು. ಇಂಥ ಸದ್ದನ್ನು ಎಷ್ಟು ಸಾವಿರ ಸಲ ಕಿವಿಗೆ ಹಿಡಿದು ಕೇಳಿ ಸರಿ ಮಾಡಿದ್ದಾನೋ. ಇದನ್ನು ಮಾತ್ರ ಬಿಚ್ಚಿ ನೋಡುವ ಹಾಗಿಲ್ಲ. ಅವನ ಕಣ್ಣು ತುಂಬಿತು.

“ನಾನು” ಅಂತ ಒಂದು ಸಣ್ಣ ಸ್ವರ ಬಂತು.

ಎಲ್ಲರೂ ತಿರುಗಿದರು. ಹೊಲಿಗೆಯಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಮುಖ ಪರದೆಯ ಹೂವಿಗಿಂತ ಕೆಂಪಗಾಗಿತ್ತು.

“ನೀನು ಏನು?”

“ಇವರು ಅಂಗಡಿಗೆ ಹೋದ ಮೇಲೆ, ನಾಲ್ಕೂ ಮುಕ್ಕಾಲಿಗೆ… ನಾವು ಆಡ್ತೀವಿ.”

“ನಾವು ಅಂದ್ರೆ?”

“ನಾನು, ಗುಡ್ಡ. ಕಣ್ಣಾಮುಚ್ಚಾಲೆ. ಹೊಲಿಗೆ ಕೋಣೆಯಲ್ಲಿ ಹೊಲಿದ ಪರದೆಗಳು ತೂಗು ಹಾಕಿರ್ತೀನಲ್ಲ, ಅದರ ಹಿಂದೆ ಬಚ್ಚಿಟ್ಟುಕೊಂಡು ‘ಕೂ’ ಅಂತೀನಿ. ಅವನು ಒಂದೊಂದೇ ಪರದೆ ಮೂಗಲ್ಲಿ ಸರಿಸಿ ಹುಡುಕ್ತಾನೆ. ಸಿಕ್ಕಿಬಿದ್ದ ಮೇಲೆ ನಾನು ಓಡಬೇಕು, ಅವನು ಹಿಡೀಬೇಕು. ಅವತ್ತು ಮೂರಾಟ ಆಯ್ತು.”

ನಾಲ್ಕು ವರ್ಷದಲ್ಲಿ ಆ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು. ನೆಲದ ಮೇಲಿದ್ದವನು ಮಂಡಿಯೂರಿ ಎದ್ದ.

“ಅವನ ನೆರಳೂ ಆ ಕೋಣೆಯಲ್ಲಿ ಬೀಳಬಾರದು ಅಂತಿದ್ಯಲ್ಲೇ!”

“ನಿಮ್ಮ ಎದುರಿಗೆ ಬೀಳಬಾರದು.”

“ಎಷ್ಟು ದಿನದಿಂದ?”

“ಎರಡು ವರ್ಷ ಎಂಟು ತಿಂಗಳು.”

“ಐವತ್ತೊಂಬತ್ತು ವರ್ಷದ ಹೆಂಗಸು ನೀನು!”

“ಅದಕ್ಕೇ ಹೇಳಲಿಲ್ಲ.”

ಡಾಕ್ಟ್ರಮ್ಮ ಮತ್ತೆ ಕಾಗದ ಬಿಡಿಸಿದರು. ಏರಿದ್ದು ಮೂರು ಸಲ. ಇಳಿದದ್ದು ಮೂರು ಸಲ. ನಡುನಡುವೆ ಹುಡುಕಾಟದ ಸಮಾಧಾನದ ಬಡಿತ. ಮೂರಾಟವೂ ಗೆರೆಯಲ್ಲಿ ಹಾಗೇ ಕೂತಿತ್ತು. ಪೆನ್ನಿನ ಮುಚ್ಚಳ ತೆಗೆದರು.

“ಹಾಗಾದ್ರೆ ಇದು ಗಟ್ಟಿ ಹೃದಯ” ಅಂದರು. “ಅಷ್ಟು ಓಡಿದ ಮೇಲೂ ಒಂದು ಬಡಿತ ಲಯ ತಪ್ಪಿಲ್ಲ. ಸದ್ಯಕ್ಕೆ ಭಯ ಇಲ್ಲ. ಆದ್ರೆ ಈ ಕಾಯಿಲೆ ವಯಸ್ಸಾಗ್ತಾ ಬರೋದು. ವರ್ಷಕ್ಕೊಂದು ಸಲ ಯಂತ್ರ ಕಟ್ಟಿಸಲೇಬೇಕು. ಪುಸ್ತಕ ಇವರಿಗೆ ಕೊಡಕೂಡದು.”

ಲೈಬ್ರರಿ ಮೇಡಂ ಕೈಚೀಲ ಕೆಳಗಿಟ್ಟರು. ಎದ್ದು ಬಂದು ಹೊಲಿಗೆಯಕ್ಕನ ಕೈ ಹಿಡಿದುಕೊಂಡರು.

“ಸಂಬಂಧ ನನಗೆ ಒಪ್ಪಿಗೆ. ಮರಿಗಳಾದ ಮೇಲೆ ಒಂದನ್ನ ನಿಮಗೇ ಕೊಡ್ತೀನಿ. ನಿಮಗೆ ಅಂದ್ರೆ ನಿಮಗೆ. ಇವರಿಗಲ್ಲ.”

ಎಲ್ಲರೂ ನಕ್ಕರು. ಗಡಿಯಾರದಣ್ಣನೂ ನಕ್ಕ. ನಗುನಗುತ್ತಲೇ ಹೋದ ಮಾನದಲ್ಲಿ ಒಂದಿಷ್ಟನ್ನು ವಾಪಸು ತರಬೇಕು ಅನ್ನಿಸಿತು. ಮೇಜಿನ ಮೇಲಿದ್ದ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡ.

“ನಾನು ನಾಲ್ಕು ಸುಳ್ಳು ಬರೆದಿದ್ದೀನಿ ಅಂತಲೇ ಇಟ್ಕೊಳ್ಳಿ. ಆದ್ರೆ ಒಂದು ಸಾಲು ಅಪ್ಪಟ ನಿಜ. ನೋಡಿ ಇಲ್ಲಿ! ‘5.32. ಯಜಮಾನರು ಅಂಗಡಿಯಿಂದ ಬಂದರು. ಅವರನ್ನು ಕಂಡು ಇವನ ಹೃದಯ ಸಂತೋಷದಿಂದ ಹುಚ್ಚೆದ್ದು ಕುಣಿಯಿತು.’ ಇದು ನಾನೇ ಕಣ್ಣಾರೆ ಕಂಡದ್ದು. ಆ ಗೆರೆ ಎಷ್ಟು ಎತ್ತರ ಹೋಗಿದೆ, ಇವರಿಗೂ ತೋರಿಸಿ ಡಾಕ್ಟ್ರಮ್ಮ!”

ಡಾಕ್ಟ್ರಮ್ಮ ಕಾಗದವನ್ನು ಮಡಿಕೆ ಮಡಿಕೆಯಾಗಿ ಬಿಡಿಸುತ್ತಾ ಹೋದರು. ಬೆರಳು ಒಂದು ಕಡೆ ನಿಂತಿತು. ಕಣ್ಣು ಕಿರಿದು ಮಾಡಿ ನೋಡಿದರು. ಮತ್ತೊಮ್ಮೆ ನೋಡಿದರು.

“ಐದೂ ಮೂವತ್ತೆರಡಾ? ಖಂಡಿತಾ?”

“ಒಂದು ಸೆಕೆಂಡ್ ಹೆಚ್ಚು ಕಡಿಮೆ ಇಲ್ಲ!”

“ಐವತ್ತೆಂಟು.”

“ಅಂದ್ರೆ?”

“ಇಡೀ ಹಗಲಿನಲ್ಲಿ ಎಲ್ಲಕ್ಕಿಂತ ಕಡಿಮೆ ಬಡಿತ ಇದೇ. ಆಗ ಇವನು ಗಾಢ ನಿದ್ದೆಯಲ್ಲಿದ್ದ.”

“ಸಾಧ್ಯವೇ ಇಲ್ಲ!” ಗಡಿಯಾರದಣ್ಣ ಕೂಗಿದ. “ನಾನು ಬಾಗಿಲು ತೆಗೆದ ಕೂಡಲೇ ಬಾಲ ಅಲ್ಲಾಡಿಸಿದ! ನನ್ನನ್ನ ಕಂಡು ಪಟಪಟ ಅಂತ ನೆಲಕ್ಕೆ ಬಡಿದ!”

ಹೊಲಿಗೆಯಕ್ಕ ಗುಡ್ಡನ ಕತ್ತಿನ ಪಟ್ಟಿ ಹಿಡಿದು ಎದ್ದು ನಿಂತಳು.

“ಕನಸಲ್ಲಿ ನನ್ನನ್ನ ಹುಡುಕ್ತಿದ್ನೇನೋ ಬಿಡಿ” ಅಂದಳು.